ನಾನೂರು ಸುತ್ತು

ವೋಲ್ಟ್‌ಮೀಟರಿನ ಮುಳ್ಳು ಹನ್ನೆರಡನ್ನು ದಾಟಿ ಮುಂದೆ ಹೋಗಿ ನಿಂತಾಗ ಫಕೀರವ್ವನಿಗೆ ಮೊದಲು ಖುಷಿಯೇ ಆಯಿತು. ತರಗತಿಯ ಎಲ್ಲರಿಗಿಂತ ತನಗೆ ಹೆಚ್ಚು ಬಂದರೆ ಯಾರಿಗೆ ತಾನೇ ಖುಷಿಯಾಗುವುದಿಲ್ಲ? ಆದರೆ ಆ ಖುಷಿ ಉಳಿದದ್ದು ಶಿರೋಡ್ಕರ್ ಸರ್ ಕನ್ನಡಕ ಏರಿಸಿಕೊಂಡು ಬಂದು ಮೀಟರಿನ ಮೇಲೆ ಬಗ್ಗುವವರೆಗೆ ಮಾತ್ರ.

"ಎಷ್ಟು ಸುತ್ತು?" ಎಂದರು ಸರ್.

"ನಾನೂರು, ಸರ್."

"ಎಷ್ಟು ಬಂತು?"

"ಹನ್ನೆರಡು ಪಾಯಿಂಟ್ ನಾಲ್ಕು."

"ಚಡ್ ಕಶೆಂ ಆಯ್ಲೆಂ ಗೊ?"

ಹೆಚ್ಚು ಹೇಗೆ ಬಂತು ಎಂದು ಅವರು ಕೇಳಿದ್ದು. ಶಿರೋಡ್ಕರ್ ಸರ್ ಪಾಠವನ್ನು ಇಂಗ್ಲಿಷಿನಲ್ಲಿ ಮಾಡುತ್ತಿದ್ದರು, ಸಿಟ್ಟನ್ನು ಕೊಂಕಣಿಯಲ್ಲಿ ಮಾಡುತ್ತಿದ್ದರು. ಭೌತಶಾಸ್ತ್ರದ ಮೇಷ್ಟ್ರಾದ ಅವರಿಗೆ ಜಗತ್ತಿನಲ್ಲಿ ಎರಡೇ ಸಂಗತಿಗಳು ಸೇರುತ್ತಿರಲಿಲ್ಲ: ಒಂದು, ತಡವಾಗಿ ಬರುವ ಹುಡುಗರು, ಇನ್ನೊಂದು, ಕಾರಣವಿಲ್ಲದ ಉತ್ತರಗಳು.

ಅದು ೧೯೮೯ರ ಫೆಬ್ರವರಿಯ ಒಂದು ಮಂಗಳವಾರ. ಪಣಜಿಯ ಆ ಶಾಲೆಯಲ್ಲಿ ಹನ್ನೆರಡನೆಯ ಇಯತ್ತೆಯ ಪ್ರಾಯೋಗಿಕ ಪರೀಕ್ಷೆ ಗುರುವಾರಕ್ಕೆ ನಿಗದಿಯಾಗಿತ್ತು. ಪರೀಕ್ಷೆಗೆ ಮೊದಲು ಪ್ರತಿಯೊಬ್ಬರೂ ಒಂದು ಸುರುಳಿ ತಯಾರಿಸಬೇಕೆಂದು ಸರ್ ಎಲ್ಲರಿಗೂ ಕೂದಲಿನಷ್ಟು ಸಣ್ಣ ತಾಮ್ರದ ತಂತಿಯ ಒಂದೊಂದು ಉಂಡೆ ಕೊಟ್ಟಿದ್ದರು. ಮನೆಯಲ್ಲಿ ಕೂತು ನಾನೂರು ಸುತ್ತು ಸುತ್ತಿಕೊಂಡು ಬರಬೇಕು. ಶಾಲೆಯದೊಂದು ಇನ್ನೂರು ಸುತ್ತಿನ ಸುರುಳಿ ಇತ್ತು. ಎರಡನ್ನೂ ಒಂದೇ ಕಬ್ಬಿಣದ ಚೌಕಟ್ಟಿಗೆ ತೊಡಿಸಿ, ಶಾಲೆಯ ಸುರುಳಿಗೆ ಆರು ವೋಲ್ಟ್ ಕೊಟ್ಟರೆ, ಮುಟ್ಟದೆಯೇ, ತಂತಿಗೆ ತಂತಿ ತಾಕದೆಯೇ, ಹುಡುಗರ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಸುತ್ತು ಎರಡು ಪಟ್ಟಾದರೆ ವೋಲ್ಟೂ ಎರಡು ಪಟ್ಟು. ಲೆಕ್ಕದ ಪ್ರಕಾರ ಹನ್ನೆರಡು ಬರಬೇಕು.

ಆದರೆ ಹನ್ನೆರಡು ಯಾರಿಗೂ ಬರುವುದಿಲ್ಲ. ತಂತಿ ಸ್ವಲ್ಪ ತಿನ್ನುತ್ತದೆ, ಕಬ್ಬಿಣ ಸ್ವಲ್ಪ ತಿನ್ನುತ್ತದೆ. ರಾಯಬಂದರದಿಂದ ಬರುತ್ತಿದ್ದ ಅವಳ ಗೆಳತಿ ಕ್ಲೆಮೆಂಟಿನಾಗೆ ಹನ್ನೊಂದು ಪಾಯಿಂಟ್ ಎಂಟು ಬಂದಿತ್ತು. ಉಳಿದವರಿಗೂ ಅದರ ಆಸುಪಾಸಿನಲ್ಲೇ. ಕಡಿಮೆ ಬಂದರೆ ಅದಕ್ಕೆ ಕಾರಣ ಪುಸ್ತಕದಲ್ಲೇ ಇತ್ತು, ನಾಲ್ಕು ಸಾಲು ಬರೆದರೆ ಮುಗಿಯಿತು. ಹೆಚ್ಚು ಬಂದರೆ ಏನು ಬರೆಯಬೇಕೆಂದು ಯಾವ ಪುಸ್ತಕದಲ್ಲೂ ಇರಲಿಲ್ಲ.

ಸರ್ ಮೀಟರ್ ಬದಲಾಯಿಸಿ ನೋಡಿದರು. ಹನ್ನೆರಡು ಪಾಯಿಂಟ್ ನಾಲ್ಕು. ಚೌಕಟ್ಟು ಬದಲಾಯಿಸಿದರು. ಅಷ್ಟೇ.

"ಇದನ್ನು ನೀನೇ ಸುತ್ತಿದೆಯೋ, ಮೋಟರ್ ರಿಪೇರಿಯವನ ಹತ್ತಿರ ಸುತ್ತಿಸಿಕೊಂಡು ಬಂದೆಯೋ?"

"ನಾನೇ ಸುತ್ತಿದ್ದು, ಸರ್."

"ಹಾಗಾದರೆ ಕಾರಣ ತಾ. ಗುರುವಾರ ಒಂಬತ್ತು ಗಂಟೆಗೆ. ಹತ್ತಕ್ಕೆ ಪರೀಕ್ಷಕರು ಬರುತ್ತಾರೆ. ಕಾರಣ ಇಲ್ಲದಿದ್ದರೆ ನಿನ್ನ ಜರ್ನಲ್ ಮೇಲೆ ನನ್ನ ಸಹಿ ಇಲ್ಲ."

ಹೀಗೆಂದು ಅವರು ಅವಳ ಸುರುಳಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಜರ್ನಲ್ ಮೇಲೆ ಸಹಿ ಇಲ್ಲದವರನ್ನು ಪ್ರಾಯೋಗಿಕ ಪರೀಕ್ಷೆಗೆ ಕೂರಿಸುತ್ತಿರಲಿಲ್ಲ. ಅದಕ್ಕೆ ಕೂರದಿದ್ದರೆ ಭೌತಶಾಸ್ತ್ರ ನಪಾಸು. ಭೌತಶಾಸ್ತ್ರ ನಪಾಸಾದರೆ ಪಾಲಿಟೆಕ್ನಿಕ್ಕಿನ ಇಲೆಕ್ಟ್ರಿಕಲ್ ಡಿಪ್ಲೊಮಾ ಎಂಬುದು ಕನಸಿನ ಗಂಟು. ಅವಳ ಅಪ್ಪ ಹಣಮಪ್ಪ ವಾಸ್ಕೋದ ಬಂದರಿನಲ್ಲಿ ಹಮಾಲಿ. ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ, ಬಂದಾಗ ಕಡಿಮೆ ಮಾತಾಡುತ್ತಿದ್ದ. ಈ ವಿಷಯದಲ್ಲಿ ಅವನು ಆಡಿದ್ದು ಒಂದೇ ಮಾತು: "ಒಮ್ಮೆಗೆ ಪಾಸಾದಿ ಅಂದ್ರ ಮುಂದ ಓದು. ಇಲ್ಲಾಂದ್ರ ಅವ್ವನ ಜೋಡಿ ಪರ್ವರಿಗೆ ಕೆಲಸಕ್ಕ ಹೋಗು." ಅವ್ವ ಹುಲಿಗೆವ್ವ ಪರ್ವರಿಯಲ್ಲಿ ಏಳುತ್ತಿದ್ದ ಬಂಗಲೆಗಳ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದಳು.

"ಹನ್ನೊಂದು ಪಾಯಿಂಟ್ ಏಳು ಅಂತ ಬರೆದುಬಿಡಬೇಕಿತ್ತು ನೀನು," ಎಂದಳು ಕ್ಲೆಮೆಂಟಿನಾ, ಬಸ್‌ಸ್ಟ್ಯಾಂಡಿಗೆ ನಡೆಯುತ್ತ. "ಸರ್ ಬಂದು ನೋಡುವ ಮೊದಲೇ."

"ಬಂದದ್ದು ಬಂದ ಹಾಗೆ ಬರೆದರೆ ತಪ್ಪೇನು?"

"ತಪ್ಪೇನು ಅಂತ ಈಗ ಗೊತ್ತಾಯಿತಲ್ಲ!"

ಫಕೀರವ್ವ ಬಿರುಸಾಗಿ ಹೆಜ್ಜೆ ಹಾಕಿದಳು. ಅವಳು ಹುಟ್ಟಾ ಚಡಪಡಿಕೆಯ ಹುಡುಗಿ. ಕೂತರೆ ಕಾಲು ಕುಣಿಸುವವಳು, ನಿಂತರೆ ಜಡೆಯ ತುದಿ ಕಡಿಯುವವಳು. ವಿದ್ಯುತ್ ಪ್ರೇರಣೆಯ ಪಾಠ ಅವಳಿಗೆ ಮೊದಲ ದಿನವೇ ಸೇರಿದ್ದು ಅದಕ್ಕೇ ಇರಬೇಕು. ಅಯಸ್ಕಾಂತವನ್ನು ಸುರುಳಿಯೊಳಗೆ ಸುಮ್ಮನೆ ಇಟ್ಟರೆ ಏನೂ ಆಗುವುದಿಲ್ಲ. ಅದನ್ನು ಆಡಿಸಬೇಕು, ಒಳಗೆ ಹೊರಗೆ ಓಡಾಡಿಸಬೇಕು, ಆಗ ಮುಳ್ಳು ಮಿಸುಕುತ್ತದೆ. ಸುಮ್ಮನಿರು ಎಂದು ಹೇಳದ ಒಂದು ಪಾಠವಾದರೂ ಇದೆಯಲ್ಲ ಎಂದು ಅವಳು ಆ ಅಧ್ಯಾಯದ ಹಿಂದಿನ ಲೆಕ್ಕಗಳನ್ನೆಲ್ಲ ಎರಡೆರಡು ಸಲ ಬಿಡಿಸಿದ್ದಳು. ಈಗ ನೋಡಿದರೆ ಅದೇ ಪಾಠ ಅವಳ ಕುತ್ತಿಗೆಗೆ ಬಂದಿತ್ತು.

ಮನೆಯಿದ್ದ ಚಿಂಬಲ್ಲಿಗೆ ಬಸ್ಸು ಮುಟ್ಟುವವರೆಗೂ ಅವಳ ತಲೆಯಲ್ಲಿ ಒಂದೇ ಪ್ರಶ್ನೆ. ಮೀಟರ್ ಸುಳ್ಳು ಹೇಳಿಲ್ಲ. ಕಬ್ಬಿಣ ಸುಳ್ಳು ಹೇಳಿಲ್ಲ. ಹಾಗಾದರೆ ಸುಳ್ಳಾಗಿರುವುದು ಸುತ್ತಿನ ಸಂಖ್ಯೆಯೇ. ಸುತ್ತಿದ್ದು ತಾನು. ಎಣಿಸಿದ್ದು ಅವ್ವ.

ಹಿಂದಿನ ಭಾನುವಾರ ಅವರಿಬ್ಬರೂ ಮನೆಯ ಮುಂದಿನ ನೆರಳಿನಲ್ಲಿ ಕೂತಿದ್ದರು. ಫಕೀರವ್ವ ಕಬ್ಬಿಣದ ಸರಳೊಂದನ್ನು ಬಗ್ಗಿಸಿ ಹಿಡಿಕೆ ಮಾಡಿ, ಅದಕ್ಕೆ ಮರದ ರೀಲು ಸಿಕ್ಕಿಸಿ ತಿರುಗಿಸುತ್ತಿದ್ದಳು. ತಂತಿ ಸಡಿಲಾಗಬಾರದು, ಬಿಗಿಯಾದರೆ ಹರಿಯುತ್ತದೆ, ಸುತ್ತಿನ ಪಕ್ಕಕ್ಕೆ ಸುತ್ತು ಕೂರಬೇಕು. ಅವಳ ಕಣ್ಣು, ಕೈ, ಉಸಿರು ಎಲ್ಲ ತಂತಿಯ ಮೇಲೆ. ಎಣಿಸುವ ಕೆಲಸ ಹುಲಿಗೆವ್ವನದು. "ಲಾಭ, ಎರಡ, ಮೂರ, ನಾಕ..." ಎಂದು ಶುರುಮಾಡಿ, ಆಮೇಲೆ ಬಾಯೊಳಗೇ ಎಣಿಸುತ್ತ, ನೂರಾದಾಗ "ನೂರ" ಎಂದು ಹೇಳಿ, ಸ್ಟೀಲಿನ ಬಟ್ಟಲಿಗೆ ಒಂದು ಹರಳು ಹಾಕುತ್ತಿದ್ದಳು. ನಾಲ್ಕನೆಯ ಹರಳು ಬಿದ್ದ ಮೇಲೆ "ಮುಗೀತು, ನಿಲ್ಸು" ಎಂದಿದ್ದಳು.

ಮನೆಗೆ ಬಂದಾಗ ಹುಲಿಗೆವ್ವ ರೊಟ್ಟಿ ಬಡಿಯುತ್ತಿದ್ದಳು. ಫಕೀರವ್ವ ಚಪ್ಪಲಿ ಬಿಡುವ ಮೊದಲೇ ಬಾಯಿ ಬಿಟ್ಟಳು.

"ಅವ್ವಾ, ಐತವಾರ ಎಣಿಸುವಾಗ ನಿದ್ದಿಗಣ್ಣಾಗ ಇದ್ದೇನಬೇ?"

"ಯಾಕ? ಏನಾತು?"

"ಎಣಿಕಿ ತಪ್ಪೇತಿ. ಅವು ನಾಕನೂರ ಅಲ್ಲ, ಹೆಚ್ಚ ಅದಾವ."

ಹುಲಿಗೆವ್ವನ ಕೈ ಹಿಟ್ಟಿನ ಮೇಲೇ ನಿಂತಿತು. "ಇನ್ನೊಮ್ಮೆ ಅನ್ನು."

"ಎಣಿಕಿ ತಪ್ಪೇತಿ ಅಂದೆ."

"ನಾಕ ಹರಳ ಹಾಕೇನಿ, ನಾಕನೂರಽ ಅದಾವ. ಹೆಂಚಿನ ಲಾರಿ ಬಂತಂದ್ರ ಕಾಸೀಮಸಾಬ ಮುಕಾದಮ ಯಾರನ್ನ ಕರೀತಾನ? ಹುಲಿಗೆವ್ವನ್ನ. ಹನ್ನೆರಡ ವರ್ಷ ಆತು ಎಣಸಾಕತ್ತು, ಒಂದ ಹೆಂಚು ಅತ್ತಿತ್ತ ಆಗಿಲ್ಲ. ನಿನ್ನ ಮಾಸ್ತರಗ ಹೇಳು."

"ನೀ ಒಂದ ಅನ್ನೂದಿಲ್ಲ, ಲಾಭ ಅಂತಿ. ಅಲ್ಲೇ ಏನರ ಹೆಚ್ಚಾತೇನು?"

"ಲಾಭ ಅಂದ್ರ ಒಂದಽ. ರಾಶಿ ಅಳೆಯುವಾಗ ಒಂದ ಅನಬಾರದಂತ ಲಾಭ ಅಂತಾರ. ಅಷ್ಟೂ ತಿಳಿಯೂದಿಲ್ಲೇನು ಸಾಲಿ ಕಲತಾಕಿಗೆ?"

ಮುಂಡರಗಿ ಕಡೆಯ ಅವರ ಊರಿನಲ್ಲಿ ಹುಲಿಗೆವ್ವನ ಅಪ್ಪ ಕಣಗಳಲ್ಲಿ ಕಾಳು ಅಳೆಯುತ್ತಿದ್ದವನು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ, ಎಣಿಕೆ ಬರುತ್ತಿತ್ತು. ಬದುಕಿನಲ್ಲಿ ತನ್ನದೆಂದು ಎದೆ ತಟ್ಟಿಕೊಂಡು ಹೇಳಲು ಅವಳಿಗೆ ಇದ್ದದ್ದು ಅದೊಂದೇ. ಇದು ಮಗಳಿಗೆ ಗೊತ್ತಿಲ್ಲದ ವಿಷಯವೇನಲ್ಲ. ಆದರೂ ಚಡಪಡಿಸುವವರ ನಾಲಿಗೆ ಕಾಲಿಗಿಂತ ಮುಂದೆ ಓಡುತ್ತದೆ.

"ಓದಾಕ ಬರಿಯಾಕ ಬರದಾಕಿ ಕಡೆ ಎಣಸಾಕ ಕೊಟ್ಟದ್ದು ನಂದಽ ತಪ್ಪು," ಎಂದುಬಿಟ್ಟಳು.

ಹೆಂಚಿನ ಮೇಲಿದ್ದ ರೊಟ್ಟಿ ಕರಕಾಯಿತು. ಹುಲಿಗೆವ್ವ ಅದನ್ನು ತೆಗೆದು ಬದಿಗಿಟ್ಟು ಇನ್ನೊಂದು ಬಡಿದಳು. ಆ ಮೇಲೆ ಅವಳು ಮಾತಾಡಲಿಲ್ಲ. ಊಟ ಬಡಿಸಿದಳು, ಮಾತಾಡಲಿಲ್ಲ. ಹಾಸಿಗೆ ಹಾಸಿದಳು, ಮಾತಾಡಲಿಲ್ಲ. ಬೈದಿದ್ದರೆ ಫಕೀರವ್ವ ತಿರುಗಿ ಬೈಯಬಹುದಿತ್ತು. ಈ ಮೌನಕ್ಕೆ ಏನು ಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಆಡಿದ ಮಾತನ್ನು ನೆನೆದರೆ ಅವಳಿಗೇ ಹೇಸಿಗೆಯಾಗುತ್ತಿತ್ತು.

ಬುಧವಾರ ಬೆಳಿಗ್ಗೆ ಹುಲಿಗೆವ್ವ ಕೆಲಸಕ್ಕೆ ಹೊರಟುಹೋದ ಮೇಲೆ ನೋಡಿದರೆ, ಬುತ್ತಿಯ ಗಂಟು ಗೂಟದಲ್ಲೇ ನೇತಾಡುತ್ತಿತ್ತು. ಮರೆತು ಹೋದಳೋ, ಸಿಟ್ಟಿಗೆ ಬಿಟ್ಟು ಹೋದಳೋ ಗೊತ್ತಿಲ್ಲ. ಶಾಲೆಗೆ ಓದುವ ರಜೆ ಇತ್ತು. ಫಕೀರವ್ವ ಪುಸ್ತಕ ತೆರೆದಳು, ಮುಚ್ಚಿದಳು, ಕೊಡ ತುಂಬಿದಳು, ತುಂಬಿದ ಕೊಡವನ್ನೇ ಚೆಲ್ಲಿ ಮತ್ತೆ ತುಂಬಿದಳು. ಹನ್ನೊಂದು ಗಂಟೆಗೆ ಬುತ್ತಿ ಎತ್ತಿಕೊಂಡು, ಜೊತೆಗೊಂದು ನೋಟುಬುಕ್ಕು ಪೆನ್ಸಿಲ್ಲು ಹಿಡಿದು, ಪರ್ವರಿಗೆ ಹೊರಟಳು.

ಮಾಂಡವಿಯ ಸೇತುವೆ ಬಿದ್ದುಹೋದ ಮೇಲೆ ಪಣಜಿಯಿಂದ ಆಚೆ ದಡಕ್ಕೆ ಫೆರಿಯೇ ಗತಿ. ಫೆರಿಯ ಕಬ್ಬಿಣದ ಅಂಚಿಗೆ ಒರಗಿ ನಿಂತರೂ ಅವಳ ತಲೆ ನಿಲ್ಲಲಿಲ್ಲ. ಭೂಮಿಯ ಕಾಂತಕ್ಷೇತ್ರದಲ್ಲಿ ಹತ್ತು ಮೀಟರಿನ ಕಬ್ಬಿಣ ಸೆಕೆಂಡಿಗೆ ಎರಡು ಮೀಟರ್ ಸರಿದರೆ ಅದರ ಎರಡು ತುದಿಗಳ ನಡುವೆ ಎಷ್ಟು ವೋಲ್ಟ್? ಬೇಡವೆಂದರೂ ಲೆಕ್ಕ ಬಂತು: ಒಂದು ವೋಲ್ಟನ್ನು ಹತ್ತು ಸಾವಿರ ಪಾಲು ಮಾಡಿದರೆ ಅದರಲ್ಲಿ ಮೂರು ಪಾಲು. ಇಷ್ಟು ದೊಡ್ಡ ಫೆರಿ, ಇಷ್ಟೆಲ್ಲ ಸದ್ದು, ಹುಟ್ಟಿದ್ದು ಮಾತ್ರ ಇಷ್ಟೇ. ಅವಳಿಗೆ ನಗು ಬಂತು. ನಗುವಿನ ಹಿಂದೆಯೇ ಹೊಳೆಯಿತು: ಇದನ್ನು ಬಿಡಿಸಿದ ಹಾಗೆ ಅದನ್ನು ಯಾಕೆ ಬಿಡಿಸಬಾರದು? ಸುತ್ತು ಗೊತ್ತು, ವೋಲ್ಟ್ ಎಷ್ಟು ಎಂದು ಪುಸ್ತಕದ ಎಲ್ಲ ಲೆಕ್ಕಗಳೂ ಕೇಳುತ್ತವೆ. ನನಗೆ ವೋಲ್ಟ್ ಗೊತ್ತು, ಸುತ್ತು ಎಷ್ಟು?

ಕ್ಲೆಮೆಂಟಿನಾಳ ಸುರುಳಿಗೂ ತನ್ನದಕ್ಕೂ ತಂತಿ ಒಂದೇ, ಚೌಕಟ್ಟು ಒಂದೇ. ಹಾಗಾಗಿ ಅಲ್ಲಿ ತಿಂದಷ್ಟೇ ಪಾಲು ಇಲ್ಲೂ ತಿಂದಿರುತ್ತದೆ. ಅವಳ ಹನ್ನೊಂದು ಪಾಯಿಂಟ್ ಎಂಟಕ್ಕೆ ನಾನೂರು ಸುತ್ತಾದರೆ, ನನ್ನ ಹನ್ನೆರಡು ಪಾಯಿಂಟ್ ನಾಲ್ಕಕ್ಕೆ? ಫೆರಿಯ ಅಂಚಿನ ಮೇಲೆ ನೋಟುಬುಕ್ಕು ಇಟ್ಟು ಗುಣಿಸಿದಳು, ಭಾಗಿಸಿದಳು. ನಾನೂರ ಇಪ್ಪತ್ತು ಪಾಯಿಂಟ್ ಮೂರು. ಸುತ್ತಿನಲ್ಲಿ ಪಾಯಿಂಟ್ ಇರುವುದಿಲ್ಲ. ನಾನೂರ ಇಪ್ಪತ್ತು.

"ಚಾರ್‌ಸೌ ಬೀಸ್," ಎಂದಳು ಗಟ್ಟಿಯಾಗಿ.

"ಯಾರನ್ನು ಬೈಯುತ್ತಿದ್ದೀ ಗೊ?" ಎಂದು ಪಕ್ಕದಲ್ಲಿದ್ದ ಮೀನು ಮಾರುವವಳು ಬುಟ್ಟಿ ಸರಿಸಿಕೊಂಡು ನಕ್ಕಳು. ಮೋಸಗಾರನಿಗೆ ಇಡೀ ದೇಶ ಇಟ್ಟ ಹೆಸರು ಅದು. ತನ್ನ ಉತ್ತರ ಅದೇ ಸಂಖ್ಯೆಗೆ ಬಂದು ನಿಲ್ಲಬೇಕೆ! ಇದನ್ನು ಶಿರೋಡ್ಕರ್ ಸರ್ ಮುಂದೆ ಹೇಗೆ ಇಡುವುದು? ಅದಿರಲಿ, ಇಪ್ಪತ್ತು ಬಂತು ಎಲ್ಲಿಂದ? ಲಾಭದ ಒಂದು ಪ್ರತಿ ನೂರಕ್ಕೂ ತಪ್ಪಿದರೆ ನಾಲ್ಕಾಗಬೇಕು. ನಿದ್ದೆಗಣ್ಣಿನಲ್ಲಿ ತಪ್ಪಿದರೆ ಏಳೋ ಹದಿಮೂರೋ ಆಗಬೇಕು. ತಪ್ಪು ಇಷ್ಟು ಗುಂಡಗೆ ಇರುವುದಿಲ್ಲ.

ಪರ್ವರಿಯ ಏರು ಹತ್ತಿ ಹೋದಾಗ ಅಲ್ಲಿ ಹೆಂಚಿನ ಲಾರಿ ಬಂದು ನಿಂತಿತ್ತು. ಏಳೆಂಟು ಹೆಂಗಸರು ಸಾಲಾಗಿ ನಿಂತು ಕೈಯಿಂದ ಕೈಗೆ ಹೆಂಚು ದಾಟಿಸುತ್ತಿದ್ದರು. ಲಾರಿಯ ಬಾಲದ ಹತ್ತಿರ ಹುಲಿಗೆವ್ವ. ಅವಳ ಕಣ್ಣು ಹೆಂಚಿನ ಮೇಲೆ, ತುಟಿ ಮಿಸುಕುತ್ತಿತ್ತು. ಎಣಿಸುವಾಗ ಅವಳನ್ನು ಮಾತಾಡಿಸಬಾರದೆಂದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಕೂಲಿಯವರನ್ನು ನೋಡಿಕೊಳ್ಳುವ ಮುಕಾದಮ ಕಾಸೀಮಸಾಬ ಕೂಡ ಬೀಡಿ ಹಿಡಿದು ದೂರ ನಿಂತಿದ್ದ. ಫಕೀರವ್ವನೂ ಬುತ್ತಿ ಹಿಡಿದು ನಿಂತಳು.

"ನೂರ," ಎಂದಳು ಹುಲಿಗೆವ್ವ.

ಹರಳು ಬೀಳಲಿಲ್ಲ. ಒಂದು ಹೆಂಚು ಹೋಯಿತು, ಇನ್ನೊಂದು ಹೋಯಿತು, ಮತ್ತೊಂದು. ಹುಲಿಗೆವ್ವನ ತುಟಿ ಈಗ ಮಿಸುಕುತ್ತಿರಲಿಲ್ಲ. ಎಡಗೈಯ ಬೆರಳು ಮಾತ್ರ ಒಂದೊಂದಾಗಿ ಮಡಿಚಿಕೊಂಡವು. ಐದೂ ಬೆರಳು ಮಡಿಚಿ ಮುಷ್ಟಿಯಾದ ಮೇಲೆ ಅವಳು ಹರಳೊಂದನ್ನು ಉಡಿಗೆ ಹಾಕಿಕೊಂಡು ಮತ್ತೆ ಶುರುಮಾಡಿದಳು: "ಲಾಭ, ಎರಡ, ಮೂರ..."

ಫಕೀರವ್ವನ ಕೈಯಿಂದ ಬುತ್ತಿ ಜಾರುವುದೊಂದು ಬಾಕಿ. ಐದು ನಾಲ್ಕಲೆ ಇಪ್ಪತ್ತು! ಲಾರಿ ಖಾಲಿಯಾಗುವವರೆಗೆ ಅವಳು ನಿಂತಲ್ಲಿ ನಿಲ್ಲದೆ, ಆ ಗಿಡದಿಂದ ಈ ಗಿಡಕ್ಕೆ, ಈ ಗಿಡದಿಂದ ಆ ಗಿಡಕ್ಕೆ ಅಲೆದಳು. ಕೊನೆಯ ಹೆಂಚು ದಾಟಿದ್ದೇ ತಡ, ಓಡಿಹೋದಳು.

"ಅವ್ವಾ! ನೂರ ಆದ ಮ್ಯಾಲೆ ಐದ ಬಿಟ್ಟೆಲ್ಲಬೇ, ಅವು ಏನು?"

ಹುಲಿಗೆವ್ವ ಮುಖ ತಿರುಗಿಸಿಯೇ ಹೇಳಿದಳು. "ಏನಂದ್ರ? ಕೊಸರು."

"ಐತವಾರ ತಂತಿಗೂ ಕೊಸರು ಹಾಕಿದೇನು?"

"ಹಾಕದ ಇರತಾರೇನು? ಸಗಣಿ ಕುಳ್ಳ ಆಗಲಿ, ಮಾವಿನಹಣ್ಣ ಆಗಲಿ, ಹೆಂಚ ಆಗಲಿ, ನೂರಕ್ಕ ಐದ ಕೊಸರು ಇದ್ದದ್ದಽ. ಕೊಸರು ಬಿಟ್ಟು ಬರೇ ನೂರ ಕೊಡಾಕ ನಾ ಏನ ಜುಗ್ಗಿ ಅದೇನೇನು? ಅಷ್ಟ ಸಣ್ಣ ತಂತಿ, ನಾಳೆ ಹರದೀತು, ಸವದೀತು, ಮಾಸ್ತರ ಮುಂದ ನನ್ನ ಮಗಳಿಗೆ ಕಡಿಮಿ ಬೀಳಬಾರದು ಅಂತ ಹಾಕೇನಿ."

ಫಕೀರವ್ವ ಅಲ್ಲೇ ಹೆಂಚಿನ ರಾಶಿಯ ಪಕ್ಕ ಕೂತುಬಿಟ್ಟಳು. ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದಳು. ಅವ್ವ ತಪ್ಪಿರಲಿಲ್ಲ. ಅವ್ವನ ನೂರು ನೂರೇ ಆಗಿತ್ತು, ಮೇಲೆ ಪ್ರೀತಿಗೆಂದು ಐದು. ತಾನು ಮಾತ್ರ ಆಡಬಾರದ್ದನ್ನು ಆಡಿದ್ದಳು.

"ಅವ್ವಾ, ನಿನ್ನೆ ನಾ ಅಂದದ್ದು..."

"ಬುತ್ತಿ ತಂದಿ? ತಗಿ, ಹಸಿವಾಗೇತಿ," ಎಂದಳು ಹುಲಿಗೆವ್ವ. ರೊಟ್ಟಿ ಮುರಿಯುತ್ತ ಮಗಳಿಂದ ಎಲ್ಲ ಕೇಳಿ ತಿಳಿದುಕೊಂಡಳು. ಸುರುಳಿ, ಮೀಟರು, ಸಹಿ ಎಲ್ಲ ಕೇಳಿದ ಮೇಲೆ ಅವಳ ತಲೆಯಲ್ಲಿ ಉಳಿದದ್ದು ಒಂದೇ. "ಹಂಗಾರ ಆ ಮಾಸ್ತರಗ ನನ್ನ ಎಣಿಕಿ ಮ್ಯಾಲೆ ಸಂಶೇ ಐತಿ. ನಾಳೆ ನಾನೂ ಬರ್ತೇನಿ."

"ನೀ ಯಾಕಬೇ? ನಾ ಹೇಳತೇನಿ."

"ಎಣಿಸಿದಾಕಿ ನಾನು."

ಅವ್ವ ಸುಣ್ಣ ಹತ್ತಿದ ಕಾಲಿನಲ್ಲಿ ಶಾಲೆಯ ಮೆಟ್ಟಿಲು ಹತ್ತುವುದನ್ನು ನೆನೆದು ಫಕೀರವ್ವನಿಗೆ ಒಂದು ಗಳಿಗೆ ನಾಚಿಕೆಯಾಯಿತು. ನಾಚಿಕೆಯಾಯಿತಲ್ಲ ಎಂದು ಆಮೇಲೆ ಇನ್ನೂ ಹೆಚ್ಚು ನಾಚಿಕೆಯಾಯಿತು. ಬೇಡ ಎನ್ನಲಿಲ್ಲ.

ಗುರುವಾರ ಒಂಬತ್ತಕ್ಕೆ ಪ್ರಯೋಗಶಾಲೆಯಲ್ಲಿ ಎಲ್ಲರೂ ಜರ್ನಲ್ ಹಿಡಿದು ಸಾಲಾಗಿ ನಿಂತಿದ್ದರು. ಹುಲಿಗೆವ್ವ ಬಾಗಿಲ ಹೊರಗೆ, ಗೋಡೆಗೆ ಒರಗಿ ಕುಕ್ಕರಗಾಲಲ್ಲಿ ಕೂತಿದ್ದಳು. ಬಟ್ಟೆ ತೊಳೆದುಟ್ಟದ್ದು, ತಲೆಗೆ ಎಣ್ಣೆ, ಉಡಿಯಲ್ಲಿ ಹರಳು. ಯಾರು ಕರೆದರೂ ಒಳಗೆ ಬರಲೊಪ್ಪಲಿಲ್ಲ.

ಶಿರೋಡ್ಕರ್ ಸರ್ ಫಕೀರವ್ವನ ಜರ್ನಲ್ ತೆರೆದರು. ಲೆಕ್ಕದ ಸಾಲುಗಳ ಮೇಲೆ ಬೆರಳಾಡಿಸುತ್ತ ಕೆಳಗಿಳಿದು ಕೊನೆಯ ಸಾಲಿಗೆ ಬಂದು ನಿಂತರು.

"ಸುತ್ತಿನ ಸಂಖ್ಯೆ ನಾನೂರ ಇಪ್ಪತ್ತು," ಎಂದು ಓದಿದರು.

"ಚಾರ್‌ಸೌ ಬೀಸ್!" ಎಂದು ಹಿಂದಿನಿಂದ ಯಾರೋ ಕೂಗಿದರು. ಇಡೀ ತರಗತಿ ಗೊಳ್ಳೆಂದಿತು. ಕ್ಲೆಮೆಂಟಿನಾ ಕೂಡ ಬಾಯಿಗೆ ಕೈ ಅಡ್ಡ ಹಿಡಿದಳು.

ಸರ್ ನಗಲಿಲ್ಲ. ಕೊಸರಿನ ಕಥೆಯನ್ನು ಫಕೀರವ್ವ ಕೊಂಕಣಿಯಲ್ಲಿ ತೊದಲುತ್ತ ಹೇಳುವುದನ್ನು ಪೂರ್ತಿ ಕೇಳಿದರು. "ಲೆಕ್ಕ ಚೆನ್ನಾಗಿದೆ," ಎಂದರು. "ಆದರೆ ನೀನು ಮೀಟರ್ ನೋಡಿಕೊಂಡು ಸುತ್ತು ಕಂಡುಹಿಡಿದೆ, ಸುತ್ತಿಗೆ ತಕ್ಕಂತೆ ಕಥೆ ಕಂಡುಹಿಡಿದೆ. ಮೋಟರ್ ಅಂಗಡಿಯವನು ಸುತ್ತಿದ್ದರೂ ನಿನ್ನ ಲೆಕ್ಕ ಹೀಗೇ ಬರುತ್ತಿತ್ತು. ಅದು ಹೆಂಚಿನ ಕೊಸರು ಎಂಬುದಕ್ಕೆ ಸಾಕ್ಷಿ ಏನು?"

ಫಕೀರವ್ವನ ಕಾಲು ನೆಲದ ಮೇಲೆ ಕುಣಿಯತೊಡಗಿತು. "ಬಿಚ್ಚಿ ಎಣಿಸಿ, ಸರ್," ಎಂದಳು. "ಅವ್ವ ಹೊರಗೆ ಇದ್ದಾಳೆ. ಅವಳೂ ಎಣಿಸಲಿ, ತನ್ನ ರೀತಿಯಲ್ಲಿ. ನೀವು ನಿಮ್ಮ ರೀತಿಯಲ್ಲಿ ಎಣಿಸಿ."

"ಬಿಚ್ಚಿದರೆ ಆ ತಂತಿ ಮತ್ತೆ ಸುತ್ತಲು ಬರುವುದಿಲ್ಲ. ಎಣಿಕೆ ಹೊಂದದಿದ್ದರೆ ನಿನ್ನ ಹತ್ತಿರ ಕಾರಣವೂ ಇರುವುದಿಲ್ಲ, ಸುರುಳಿಯೂ ಇರುವುದಿಲ್ಲ."

"ಇರಲಿ, ಸರ್."

ಇರಲಿ ಎಂದದ್ದು ಬಾಯಿ. ತಲೆ ಬೇರೆಯದೇ ಲೆಕ್ಕ ಹಾಕುತ್ತಿತ್ತು. ಅವ್ವ ಅಂದು ಒಂದೇ ಒಂದು ಸಲ ಬೆರಳು ತಪ್ಪಿ ಮಡಿಚಿದ್ದರೆ? ಒಂದು ನೂರಕ್ಕೆ ಕೊಸರು ಮರೆತಿದ್ದರೆ? ಮೊನ್ನೆ ಯಾವ ಎಣಿಕೆಯನ್ನು ಅವಳು ತುಳಿದು ಮಾತಾಡಿದ್ದಳೋ, ಇವತ್ತು ಅದೇ ಎಣಿಕೆಯ ಮೇಲೆ ಅವಳ ಪಾಲಿಟೆಕ್ನಿಕ್ಕು ನಿಂತಿತ್ತು.

ಸರ್ ಕಪಾಟಿನ ಬೀಗ ತೆಗೆದು ಸುರುಳಿ ತಂದು ಬಾಗಿಲ ಹತ್ತಿರದ ಮೇಜಿನ ಮೇಲಿಟ್ಟರು. ಅಂಟುಪಟ್ಟಿ ಕಿತ್ತರು. ಎಳೆ ಹಿಡಿದು ಒಂದೊಂದೇ ಸುತ್ತು ಬಿಚ್ಚುತ್ತ ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಎಣಿಸಿದರು. ಹೊಸ್ತಿಲಾಚೆ ಹುಲಿಗೆವ್ವ "ಲಾಭ" ಎಂದು ಶುರುಮಾಡಿ ತುಟಿಯೊಳಗೆ ಇಳಿದುಹೋದಳು. ಹುಡುಗರ ಗದ್ದಲ ನಿಂತಿತು.

ನೂರರವರೆಗೆ ಇಬ್ಬರೂ ಜೊತೆಯಾಗಿ ಬಂದರು. ಸರ್ ಹಂಡ್ರೆಡ್ ಎಂದಾಗ ಹುಲಿಗೆವ್ವ "ನೂರ" ಎಂದಳು. ಸರ್ ಮುಂದೆ ಹೋದರು. ಹುಲಿಗೆವ್ವ ಐದು ಬೆರಳು ಮಡಿಚಿ, ನೆಲದ ಮೇಲೆ ಒಂದು ಹರಳು ಇಟ್ಟು, ಮತ್ತೆ ಲಾಭದಿಂದ ಹೊರಟಳು. ಸರ್ ಇನ್ನೂರ ಹತ್ತಕ್ಕೆ ಬಂದಾಗ ಎರಡನೆಯ ಹರಳು. ಮುನ್ನೂರ ಹದಿನೈದಕ್ಕೆ ಮೂರನೆಯದು. ಸರ್ ಪ್ರತಿ ಸಲವೂ ಕನ್ನಡಕದ ಮೇಲಿಂದ ನೆಲದ ಕಡೆ ನೋಡುತ್ತಿದ್ದರು.

ಮುನ್ನೂರ ಎಂಬತ್ತಾದ ಮೇಲೆ ರೀಲಿನ ಮರ ಅಲ್ಲಲ್ಲಿ ಕಾಣತೊಡಗಿತು. ಫಕೀರವ್ವನಿಗೆ ನೋಡಲಾಗಲಿಲ್ಲ, ನೋಡದಿರಲೂ ಆಗಲಿಲ್ಲ. ಉಳಿದದ್ದು ನಲವತ್ತೋ, ಮೂವತ್ತೋ? ಕ್ಲೆಮೆಂಟಿನಾ ಅವಳ ಮಣಿಕಟ್ಟು ಹಿಡಿದುಕೊಂಡಿದ್ದಳು. ಸರ್ ನಾನೂರು ಎಂದರು. ತಂತಿ ಇನ್ನೂ ಇತ್ತು. ಯಾರೋ ಉಸಿರು ಬಿಟ್ಟರು. ನಾನೂರ ಹತ್ತು. ನಾನೂರ ಹದಿನೈದು. "ನೂರ," ಎಂದಳು ಹುಲಿಗೆವ್ವ, ಮತ್ತು ಮಡಿಚಲು ಎಡಗೈ ಬಿಚ್ಚಿ ಹಿಡಿದಳು.

ಹದಿನಾರು. ಹದಿನೇಳು. ಹದಿನೆಂಟು. ಹತ್ತೊಂಬತ್ತು.

ನಾನೂರ ಇಪ್ಪತ್ತಕ್ಕೆ ತಂತಿಯ ತುದಿ ರೀಲಿನಿಂದ ಕಳಚಿ ಸರ್ ಕೈಗೆ ಬಂತು. ಅದೇ ಗಳಿಗೆಗೆ ಹೊಸ್ತಿಲಾಚೆ ನಾಲ್ಕನೆಯ ಹರಳು ಟಕ್ಕೆಂದು ನೆಲ ಮುಟ್ಟಿತು.

ಬರಿದಾದ ರೀಲನ್ನು ಸರ್ ಒಮ್ಮೆ ತಿರುಗಿಸಿ ನೋಡಿದರು. ನೆಲದ ಮೇಲಿನ ನಾಲ್ಕು ಹರಳುಗಳನ್ನು ನೋಡಿದರು. ಯಾರೂ ಈ ಸಲ ಚಾರ್‌ಸೌ ಬೀಸ್ ಎನ್ನಲಿಲ್ಲ. ಅವರು ಹೊಸ್ತಿಲು ದಾಟಿ ಹೋಗಿ, ಹುಲಿಗೆವ್ವನಿಗೆ ಎರಡೂ ಕೈ ಜೋಡಿಸಿ, ಒಳಗೆ ಬಂದು ಕುರ್ಚಿಯಲ್ಲಿ ಕೂತು ಪೆನ್ನು ತೆಗೆದರು. ಜರ್ನಲ್ಲಿನ ಆ ಪುಟದ ಕೆಳಗೆ ಇಂಗ್ಲಿಷಿನಲ್ಲಿ ಬರೆದರು: ಸುತ್ತುಗಳು ನಾನೂರ ಇಪ್ಪತ್ತು, ನನ್ನ ಎದುರಿಗೆ ಎಣಿಸಲಾಗಿದೆ. ಕೆಳಗೆ ಸಹಿ ಮಾಡಿದರು.

ಫಕೀರವ್ವ ಜರ್ನಲ್ಲನ್ನು ಎದೆಗೆ ಅವಚಿಕೊಂಡು ಬಾಗಿಲಿಗೆ ಓಡಿದಳು. ಹುಲಿಗೆವ್ವ ಎದ್ದು ನಿಂತು ಹರಳುಗಳನ್ನು ಉಡಿಗೆ ತುಂಬಿಕೊಳ್ಳುತ್ತಿದ್ದಳು.

"ಸಹಿ ಆತೇನು?"

"ಆತಬೇ!"

"ಎಷ್ಟಂತ ಬರದಾರ?"

"ನಾಕನೂರಾ ಇಪ್ಪತ್ತ."

ಹುಲಿಗೆವ್ವನ ಮುಖ ಗಂಟಿಕ್ಕಿತು. ಅವಳು ಮಗಳನ್ನು ಬದಿಗೆ ಸರಿಸಿ, ಮೊದಲ ಸಲ ಹೊಸ್ತಿಲ ಒಳಗೆ ಕಾಲಿಟ್ಟು, ಶಿರೋಡ್ಕರ್ ಸರ್ ಕಡೆ ಕೈ ಮಾಡಿ ಅಚ್ಚ ಮುಂಡರಗಿಯ ಕನ್ನಡದಲ್ಲಿ ಹೇಳಿದಳು:

"ತಪ್ಪ ಬರದೀರ್ರಿ ಮಾಸ್ತರ. ನಾಕನೂರ ಅಂತ ಬರೀರಿ. ಕೊಸರು ಲೆಕ್ಕಕ್ಕ ಹಿಡೀಬಾರದು."

"ಏನು ಹೇಳುತ್ತಿದ್ದಾರೆ?" ಎಂದು ಸರ್ ಫಕೀರವ್ವನನ್ನು ಕೇಳಿದರು. ಸಹಿಯ ಶಾಯಿ ಒಣಗುವವರೆಗೆ ಅವಳು ಬಾಯಿ ಬಿಡಲಿಲ್ಲ.